ಎಕ್ಸಾಸ್ಟ್ ರಿಪೇರಿ ಪೇಸ್ಟ್ ರಿವ್ಯೂ: ಟರ್ಬೋಗಿಂತ ಮುಂಚೆ ಹಚ್ಚಿ ಕೆಟ್ಟೆ

ಮೊದಲೇ ಹೇಳಿಬಿಡುತ್ತೇನೆ, ಹೊಗೆ ಪೈಪಿನ ಲೀಕ್ ಮುಚ್ಚುವ ಈ ಪೇಸ್ಟಿಗೆ ನಾನು ಕೊಡುವುದು ಐದಕ್ಕೆ ಎರಡು ಸ್ಟಾರ್. ಅದರಲ್ಲೂ ಎರಡನೇ ಸ್ಟಾರ್ ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಪೇಸ್ಟ್ ಕೆಟ್ಟದ್ದು ಅಂತ ಅಲ್ಲ. ನಾನು ಅದನ್ನು ಹಚ್ಚಿದ ಜಾಗ ಸರಿ ಇರಲಿಲ್ಲ, ಮತ್ತೆ ಆ ಜಾಗಕ್ಕೆ ಹಚ್ಚಬೇಡಿ ಅಂತ ಪ್ಯಾಕೆಟ್ಟಿನ ಮೇಲೆ ಎಲ್ಲೂ ಬರೆದಿರಲಿಲ್ಲ.

ನನ್ನದು ಸ್ವಲ್ಪ ಹಳೆಯ ಟರ್ಬೋ ಡೀಸೆಲ್ ಗಾಡಿ, ನಾಲ್ಕು ಸಿಲಿಂಡರ್. ಟರ್ಬೋ ಅಂದರೆ ಹೊಗೆಯ ರಭಸಕ್ಕೇ ತಿರುಗಿ ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಮಾನು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬಾನೆಟ್ ಒಳಗಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು. ಹತ್ತು ನಿಮಿಷ ಓಡಿಸಿದರೆ ಮಾಯ. ನಾನು ಇಂಜೆಕ್ಟರ್ ಅಂದುಕೊಂಡೆ, ಗೆಳೆಯ ಟ್ಯಾಪೆಟ್ ಅಂದ, ಇಬ್ಬರೂ ತಪ್ಪು. ಅದು ಹೊಗೆ ಲೀಕಾಗುವ ಸದ್ದು. ಕಬ್ಬಿಣ ಬಿಸಿಯಾದಾಗ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಸದ್ದು ನಿಲ್ಲುತ್ತಿತ್ತು. ತಣ್ಣಗಿದ್ದಾಗ ಇರುವ, ಬಿಸಿಯಾದಾಗ ಹೋಗುವ ಟಿಕ್ ಟಿಕ್ ಕೇಳಿದರೆ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಲ್ಲ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಪೈಪು) ಕಡೆ ನೋಡಿ. ನಾನು ನೋಡಲಿಲ್ಲ. ಎರಡು ತಿಂಗಳು ಹಾಗೇ ಓಡಿಸಿದೆ.

ಆಮೇಲೆ ಏರಿನಲ್ಲಿ ಪಿಕಪ್ ಕಡಿಮೆ ಆಯಿತು. ಬಿಸಿಯಾದ ಮೇಲೂ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಚಕ್ ಚಕ್ ಅನ್ನುತ್ತಿತ್ತು. ಒಂದು ದಿನ ಚೆಕ್ ಇಂಜಿನ್ ಲೈಟ್ ಹತ್ತಿ ಗಾಡಿ ಲಿಂಪ್ ಮೋಡಿಗೆ (ಇಂಜಿನ್ ಕಾಪಾಡಲು ಶಕ್ತಿ ತಾನೇ ಕಡಿಮೆ ಮಾಡಿಕೊಳ್ಳುವ ಸ್ಥಿತಿ) ಹೋಯಿತು. ಸ್ಕ್ಯಾನರ್ ಹಾಕಿದರೆ ಪಿ 0299, ಅಂದರೆ ಬೇಕಾದಷ್ಟು ಬೂಸ್ಟ್ (ಟರ್ಬೋ ತಳ್ಳುವ ಗಾಳಿಯ ಒತ್ತಡ) ಬರುತ್ತಿಲ್ಲ ಅಂತ.

ಇಲ್ಲಿ ಒಂದು ಮಾತು. ಈ ಕೋಡ್ ಬಂದ ತಕ್ಷಣ ಟರ್ಬೋ ಹೋಯಿತು ಅಂತ ಹೊಸದು ಹಾಕಿಸಲು ಓಡಬೇಡಿ. ಮೊದಲು ಟರ್ಬೋದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ಇಂಟರ್‌ಕೂಲರ್ ಹೋಸ್, ಕ್ಲ್ಯಾಂಪ್ ನೋಡಿ. ಅಲ್ಲಿ ಲೀಕಾದರೆ ಬುಸ್ ಅಂತ ಗಾಳಿ ಸದ್ದು ಬರುತ್ತದೆ, ಡೀಸೆಲ್ ಗಾಡಿಯಾದರೆ ಕಪ್ಪು ಹೊಗೆಯೂ ಇರುತ್ತದೆ. ಟಿಕ್ ಟಿಕ್ ಅಂದರೆ ಹೊಗೆ ಹೋಗುವ ಕಡೆಯ ಲೀಕ್. ಎರಡೂ ಒಟ್ಟಿಗೆ ಇರಬಹುದು ಬಿಡಿ, ಆದರೆ ನನ್ನ ಗಾಡಿಯ ಹೋಸ್‌ಗಳೆಲ್ಲ ಚೆನ್ನಾಗಿದ್ದವು.

ಲೀಕ್ ಹುಡುಕಿದ್ದು ಮಾತ್ರ ಮಜವಾಗಿತ್ತು. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಕಡೆಯ ಪೈಪನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಸಿಕ್ಕಿಸಿದೆ. ಸೋಪಿನ ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಒಂದೊಂದೇ ಜಾಯಿಂಟಿಗೆ ಹೊಡೆಯುತ್ತಾ ಬಂದೆ. ಸೈಲೆನ್ಸರ್ ಹತ್ತಿರದ ಜಾಯಿಂಟಿನಲ್ಲಿ ಸಣ್ಣ ಗುಳ್ಳೆ ಬಂತು, ಸರಿ ಅಂದುಕೊಂಡೆ. ಮುಂದೆ ಹೋಗಿ ಮ್ಯಾನಿಫೋಲ್ಡಿಗೆ ಹೊಡೆದರೆ ನಾಲ್ಕನೇ ಸಿಲಿಂಡರ್ ಹತ್ತಿರ, ಹೆಡ್ಡಿಗೆ (ಸಿಲಿಂಡರ್‌ಗಳ ಮೇಲಿನ ಭಾಗ) ಅದು ಕೂರುವ ಕಡೆ, ನೊರೆ ಉಕ್ಕಿ ಬಂತು. ಹೀಟ್ ಶೀಲ್ಡ್ ಪಕ್ಕದಲ್ಲಿ ಬೀಸಣಿಗೆ ಥರ ಹರಡಿದ ಕಪ್ಪು ಮಸಿ ಬೇರೆ. ಆ ಮಸಿ ಅಲ್ಲೇ ಇತ್ತು, ನಾನೇ ಅಷ್ಟು ದಿನ ಬಗ್ಗಿ ನೋಡಿರಲಿಲ್ಲ.

ಈಗ ಸರಿಯಾಗಿ ಮಾಡಬೇಕೆಂದರೆ ಹೀಟ್ ಶೀಲ್ಡ್ ತೆಗೆಯಬೇಕು, ಟರ್ಬೋ ಬಿಚ್ಚಬೇಕು, ತುಕ್ಕು ಹಿಡಿದ ಸ್ಟಡ್‌ಗಳ (ಮ್ಯಾನಿಫೋಲ್ಡನ್ನು ಹೆಡ್ಡಿಗೆ ಹಿಡಿದಿಡುವ, ಬೋಲ್ಟ್ ಥರದ ಕಡ್ಡಿಗಳು) ಜೊತೆ ಜಗಳ ಆಡಬೇಕು. ಯಾರಿಗೆ ಬೇಕು ಅಂತ ಸೋಮಾರಿತನದಿಂದ ಪೇಸ್ಟ್ ತಂದೆ. ಹೀಟ್ ಶೀಲ್ಡ್ ಕೂಡ ತೆಗೆಯಲಿಲ್ಲ, ಸಂದಿಯಲ್ಲಿ ಬೆರಳು ತೂರಿಸಿ ಹಚ್ಚಿದೆ.

ಪೇಸ್ಟ್ ನೋಡಲು ಕಲಸಿದ ಸಿಮೆಂಟ್ ಥರ, ಬೂದು ಬಣ್ಣ. ಇಂಥ ಪೇಸ್ಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಸಿಲಿಕೇಟ್ ಮತ್ತೆ ಒಂದಿಷ್ಟು ಪುಡಿ. ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ಲೋಹವನ್ನು ಸ್ವಲ್ಪ ಒದ್ದೆ ಮಾಡಿ, ಹಚ್ಚಿ, ಇಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟರೆ ಬಿಸಿಗೆ ಗಟ್ಟಿಯಾಗುತ್ತದೆ. ಹಚ್ಚುವುದು ಸುಲಭ, ನೀರಲ್ಲಿ ಕೈ ತೊಳೆಯಬಹುದು. ಅಷ್ಟಕ್ಕೆ ಒಂದು ಸ್ಟಾರ್.

ಮೊದಲ ದಿನ ಇಂಜಿನ್ ಎಷ್ಟು ಸದ್ದಿಲ್ಲದೆ ಸ್ಟಾರ್ಟ್ ಆಯಿತು ಅಂದರೆ ನಾನು ಮನೆಯವರನ್ನೆಲ್ಲ ಕರೆದು ಕೇಳಿಸಿದೆ. ಹನ್ನೊಂದನೇ ದಿನ ಟಿಕ್ ವಾಪಸ್. ಮೂರನೇ ವಾರದ ಹೊತ್ತಿಗೆ ಮೊದಲಿಗಿಂತ ಜೋರು.

ಯಾಕೆ ಹೀಗಾಯಿತು ಅಂತ ನೋಡಿದರೆ ಪೇಸ್ಟಿನ ತಪ್ಪೇನೂ ಕಾಣಲಿಲ್ಲ. ಪ್ಯಾಕೆಟ್ಟಿನ ಮೇಲೆ 1000 ಡಿಗ್ರಿ ತಡೆಯುತ್ತದೆ ಅಂತ ಬರೆದಿದ್ದು ಸುಳ್ಳಿರಲಾರದು. ಡೀಸೆಲ್ ಇಂಜಿನ್ನಿನ ಮ್ಯಾನಿಫೋಲ್ಡಿನಲ್ಲಿ ಹೊಗೆ ಜೋರು ಲೋಡಿನಲ್ಲೂ 700-800 ಡಿಗ್ರಿ ಸುತ್ತಮುತ್ತ ಇರುತ್ತದೆ, ಪೆಟ್ರೋಲ್ ಟರ್ಬೋ ಆದರೆ 950ರ ಹತ್ತಿರ ಹೋಗುತ್ತದೆ. ಶಾಖ ಅದು ತಡೆದುಕೊಳ್ಳುತ್ತದೆ. ಅಲುಗಾಟ ತಡೆಯುವುದಿಲ್ಲ. ಲೆಕ್ಕ ಹಾಕಿ ನೋಡಿ: 40 ಸೆಂ.ಮೀ. ಉದ್ದದ ಎರಕದ ಕಬ್ಬಿಣ 600 ಡಿಗ್ರಿ ಬಿಸಿಯಾದರೆ ಸುಮಾರು 2.5 ಮಿ.ಮೀ. ಬೆಳೆಯುತ್ತದೆ. ಪಕ್ಕದ ಹೆಡ್ಡಿಗೆ ಕೂಲಂಟ್ ಇದೆ, ಅದು ಅಷ್ಟು ಬಿಸಿಯೂ ಆಗುವುದಿಲ್ಲ, ಅಷ್ಟು ಹಿಗ್ಗುವುದೂ ಇಲ್ಲ. ಹಾಗಾಗಿ ಪ್ರತಿ ಸಲ ಗಾಡಿ ಓಡಿಸಿದಾಗಲೂ ಮ್ಯಾನಿಫೋಲ್ಡ್ ಹೆಡ್ಡಿನ ಮೇಲೆ ಒಂಚೂರು ಜಾರುತ್ತದೆ, ತಣ್ಣಗಾದರೆ ವಾಪಸ್ ಬರುತ್ತದೆ, ಜಾಸ್ತಿ ಜಾರುವುದು ಎರಡು ತುದಿಗಳಲ್ಲಿ. ಸ್ಟಡ್‌ಗಳು ಹೆಚ್ಚಾಗಿ ತುದಿಯಲ್ಲೇ ಮುರಿಯುವುದು ಇದಕ್ಕೇ.

ಇದರ ಮೇಲೆ ಒತ್ತಡ. ಮಾಮೂಲಿ ಇಂಜಿನ್ನಿನಲ್ಲಿ ಹೊಗೆ ಸಲೀಸಾಗಿ ಹೊರಗೆ ಹೋಗುತ್ತದೆ. ಟರ್ಬೋದಲ್ಲಿ ಅದೇ ಹೊಗೆ ಟರ್ಬೈನ್, ಅಂದರೆ ಟರ್ಬೋ ಒಳಗಿನ ಬ್ಲೇಡಿನ ಚಕ್ರ, ತಿರುಗಿಸಿ ಹೋಗಬೇಕು, ಹಾಗಾಗಿ ಅದಕ್ಕಿಂತ ಮುಂಚೆ ಮ್ಯಾನಿಫೋಲ್ಡಿನಲ್ಲಿ ಒತ್ತಡ ಕಟ್ಟಿಕೊಳ್ಳುತ್ತದೆ. ಎಷ್ಟೋ ಸಲ ಅದು ಬೂಸ್ಟಿಗೆ ಸಮ, ಕೆಲವೊಮ್ಮೆ ಜಾಸ್ತಿ. ಟರ್ಬೈನ್ ದಾಟಿದ ಮೇಲೆ ಸಣ್ಣ ಲೀಕಾದರೆ ಸದ್ದು, ವಾಸನೆ ಅಷ್ಟೇ. ಮುಂಚೆ ಲೀಕಾದರೆ ಟರ್ಬೋ ತಿರುಗಿಸಬೇಕಾದ ಹೊಗೆಯೇ ಸೋರಿಹೋಗುತ್ತದೆ. ನನ್ನದು ವೇರಿಯಬಲ್ ಜ್ಯಾಮಿಟ್ರಿ ಟರ್ಬೋ (ಹೊಗೆಯ ದಾರಿಯನ್ನು ಕಿರಿದು ಮಾಡುವ ರೆಕ್ಕೆಗಳಿರುವಂಥದ್ದು) ಆದ್ದರಿಂದ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ತುಂಬಾ ದಿನ ಸುಮ್ನೆ ಒಳಗಿನ ರೆಕ್ಕೆಗಳನ್ನು ಇನ್ನಷ್ಟು ಮುಚ್ಚಿ ಮುಚ್ಚಿ ಸರಿದೂಗಿಸುತ್ತಿತ್ತು. ಅದಕ್ಕೇ ಎರಡು ತಿಂಗಳು ನನಗೆ ಏನೂ ಗೊತ್ತಾಗಲಿಲ್ಲ. ಮುಚ್ಚಲು ಇನ್ನು ಜಾಗ ಇಲ್ಲ ಅಂದಾಗ ಕೋಡ್ ಬಂತು.

ಕೊನೆಗೆ ಮೆಕ್ಯಾನಿಕ್ ಹತ್ತಿರ ಹೋದೆ. ಹೀಟ್ ಶೀಲ್ಡ್ ತೆಗೆದವರೇ ನನ್ನ ಮುಖ ನೋಡಿ, "ಏನ್ ಸಾರ್, ಗಾಡಿ ಒಳಗೆ ಮನೆ ಕಟ್ಟಿದ್ದೀರಾ?" ಅಂದರು. ಪೇಸ್ಟ್ ಹೆಂಚಿನ ಚೂರಿನ ಥರ ಒಡೆದು ಅರ್ಧ ಉದುರಿಹೋಗಿತ್ತು. ಅದರ ಹಿಂದೆ ನಾಲ್ಕನೇ ಸಿಲಿಂಡರಿನ ತುದಿಯ ಸ್ಟಡ್ ಇರಲೇ ಇಲ್ಲ. ಹೆಡ್ಡಿನ ಮಟ್ಟಕ್ಕೆ ಮುರಿದುಹೋಗಿತ್ತು. ಮುರಿದ ಸ್ಟಡ್ಡಿನ ಮೇಲೆ ನಾನು ಗಾರೆ ಮಾಡಿದ್ದೆ!

ಆಮೇಲೆ ಅವರು ಕೇಳಿದ್ದು, "ಒಳಗೆ ಎಷ್ಟು ಹೋಗಿದೆ?" ಅಂತ. ಆಗ ನನಗೆ ನಿಜವಾಗಿ ಹೆದರಿಕೆ ಆಯಿತು. ಟರ್ಬೈನ್ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟಿ ತಿರುಗುವ ಸಾಮಾನು. ಗಟ್ಟಿಯಾದ ಪೇಸ್ಟಿನ ಒಂದು ಚೂರು ಒಳಗೆ ಹೋದರೂ ಬ್ಲೇಡಿನ ಅಂಚು ಕಿತ್ತುಬರಬಹುದು. ನಾನು ಹೊರಗಿಂದ ಹಚ್ಚಿದ್ದೆ, ಒತ್ತಡವೂ ಹೊರಗೇ ತಳ್ಳುತ್ತಿತ್ತು, ಹಾಗಾಗಿ ಬಚಾವಾದೆ. ಟರ್ಬೋ ಬಿಚ್ಚಿ ಟಾರ್ಚ್ ಹಾಕಿ ನೋಡಿದಾಗ ಬ್ಲೇಡೆಲ್ಲ ಚೆನ್ನಾಗಿತ್ತು, ಶಾಫ್ಟ್ ಅಲುಗಾಟವೂ ಇರಲಿಲ್ಲ. ಎರಡು ಫ್ಲೇಂಜ್ (ಜೋಡಿಸುವ ಚಪ್ಪಟೆ ಅಂಚು) ಮಧ್ಯೆ ಗ್ಯಾಸ್ಕೆಟ್ (ಸಂದು ಮುಚ್ಚುವ ಹಾಳೆ) ಬದಲು ಇದನ್ನು ಮೆತ್ತುವವರೂ ಇದ್ದಾರಂತೆ. ದಯವಿಟ್ಟು ಬೇಡ. ತಾಮ್ರದ ಬಣ್ಣದ ಸಿಲಿಕೋನ್ ಸೀಲಂಟ್ ಅಂತೂ ಬೇಡವೇ ಬೇಡ, ಅದರ ತಾಕತ್ತು 370 ಡಿಗ್ರಿ ಆಸುಪಾಸಿಗೇ ಮುಗಿಯುತ್ತದೆ.

ಸ್ಟಡ್ ತೆಗೆದದ್ದು ನೋಡುವಂತಿತ್ತು. ಹಿಂದಿನ ರಾತ್ರಿಯೇ ಎಲ್ಲ ನಟ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟಿದ್ದರು. ಮುರಿದ ಸ್ಟಡ್ಡಿನ ಮೇಲೆ ಒಂದು ನಟ್ ಇಟ್ಟು ಒಳಗಿಂದ ವೆಲ್ಡ್ ಮಾಡಿದರು. ಆ ಬಿಸಿಗೆ ತುಕ್ಕಿನ ಹಿಡಿತ ಬಿಡುತ್ತದೆ. ಸ್ವಲ್ಪ ಆರಲು ಬಿಟ್ಟು ಸ್ಪ್ಯಾನರ್ ಹಾಕಿ ಹಿಂದೆ ಮುಂದೆ ಆಡಿಸುತ್ತಾ ತಿರುಗಿಸಿದರು. ಮೊದಲನೇ ವೆಲ್ಡ್ ಕಿತ್ತುಬಂತು, ಎರಡನೆಯದಕ್ಕೆ ಸ್ಟಡ್ ಬಂತು. ಡ್ರಿಲ್ ಹಾಕಿ ಬಿಡಿ ಅಂತ ನಾನು ಪಕ್ಕದಲ್ಲಿ ನಿಂತು ಬುದ್ಧಿ ಹೇಳುತ್ತಿದ್ದೆ, ಅವರು ಕೇಳದಿದ್ದದ್ದೇ ಒಳ್ಳೆಯದಾಯಿತು. ಅಲ್ಯೂಮಿನಿಯಂ ಹೆಡ್ಡಿನಲ್ಲಿ ಡ್ರಿಲ್ ಸ್ವಲ್ಪ ಸೊಟ್ಟಗೆ ಹೋದರೂ ತ್ರೆಡ್ ಹಾಳಾಗಿ ಹೊಸ ತ್ರೆಡ್ಡಿನ ಇನ್ಸರ್ಟ್ ಹಾಕಿಸುವ ಕೆಲಸ ಬರುತ್ತದೆ.

ಮ್ಯಾನಿಫೋಲ್ಡ್ ಮೇಲೆ ನೇರವಾದ ಪಟ್ಟಿ ಇಟ್ಟು ಫೀಲರ್ ಗೇಜ್ (ಸಂದು ಅಳೆಯುವ ತೆಳು ಹಾಳೆ) ತೂರಿಸಿದರೆ ತುದಿಯಲ್ಲಿ 0.4 ಮಿ.ಮೀ. ಹೋಯಿತು. ಸೊಟ್ಟಗಾಗಿತ್ತು. ಮೆಷಿನ್ ಶಾಪಿಗೆ ಕಳಿಸಿ ಫೇಸಿಂಗ್ ಮಾಡಿಸಿದೆವು, ಅಂದರೆ ಮೇಲ್ಮೈ ಮಟ್ಟ ಮಾಡಿಸಿದೆವು. ಇದನ್ನು ಬಿಟ್ಟು ಬರೀ ಗ್ಯಾಸ್ಕೆಟ್ ಬದಲಾಯಿಸುವವರು ತುಂಬಾ ಜನ ಇದ್ದಾರೆ, ಆರು ತಿಂಗಳಿಗೆ ಮತ್ತೆ ಟಿಕ್ ಟಿಕ್. ನಿಮ್ಮ ಗಾಡಿ ಬಿಚ್ಚಿದಾಗ ಪಟ್ಟಿ ಇಟ್ಟು ನೋಡಿದಿರಾ ಅಂತ ಕೇಳಿ. ಬಿರುಕೂ ನೋಡಿಸಿ, ಎರಕದ ಕಬ್ಬಿಣದ ಮ್ಯಾನಿಫೋಲ್ಡ್ ಬಿರುಕು ಬಿಡುವುದು ಹೊಸದೇನಲ್ಲ.

ಹೊಸದಾಗಿ ಹಾಕಿದ್ದು ಎಂಎಲ್‌ಎಸ್ ಗ್ಯಾಸ್ಕೆಟ್, ಅಂದರೆ ಸ್ಟೀಲ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಮಾಡಿದ್ದು. ಹಾಳೆಯಲ್ಲಿ ಉಬ್ಬು ಗೆರೆಗಳಿವೆ, ಅವು ಸ್ಪ್ರಿಂಗ್ ಥರ ಕೆಲಸ ಮಾಡುತ್ತವೆ. ಮ್ಯಾನಿಫೋಲ್ಡ್ ಹಿಗ್ಗಿ ಕುಗ್ಗಿದರೂ ಸಂದು ಬಿಡದ ಹಾಗೆ ಒತ್ತಿಕೊಂಡೇ ಇರುತ್ತವೆ. ಪೇಸ್ಟಿಗೆ ಆಗದಿದ್ದದ್ದು ಇದೇ. ಇದಕ್ಕೆ ಸೀಲಂಟ್ ಹಚ್ಚಬಾರದು, ಎರಡೂ ಕಡೆ ಮೇಲ್ಮೈ ನಯವಾಗಿ ಚೊಕ್ಕವಾಗಿದ್ದರೆ ಸಾಕು. ಜೊತೆಗೆ ಎಲ್ಲ ಸ್ಟಡ್, ನಟ್ ಹೊಸದು, ಟರ್ಬೋ ಫ್ಲೇಂಜ್ ಗ್ಯಾಸ್ಕೆಟ್ ಹೊಸದು, ಆಯಿಲ್ ಪೈಪಿನ ವಾಷರ್‌ಗಳು ಹೊಸದು. ಮಧ್ಯದಿಂದ ಶುರು ಮಾಡಿ ತುದಿ ಕಡೆಗೆ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿದರು. ಸ್ಟಾರ್ಟ್ ಮಾಡುವ ಮೊದಲು ಟರ್ಬೋಗೆ ಆಯಿಲ್ ಹಾಕಿ ಕೈಯಲ್ಲಿ ತಿರುಗಿಸಿದ್ದು ನೋಡಿ ಇವರಿಗೆ ಕೆಲಸ ಗೊತ್ತು ಅನ್ನಿಸಿತು. ಗ್ಯಾಸ್ಕೆಟ್ ಕಿಟ್ಟಿಗೆ ನಾಲ್ಕೂವರೆ ಸ್ಟಾರ್. ಟಾರ್ಕ್ ಎಷ್ಟು ಅಂತ ಒಂದು ಚೀಟಿಯೂ ಒಳಗಿರಲಿಲ್ಲ, ಸರ್ವಿಸ್ ಮ್ಯಾನ್ಯುಯಲ್ ಹುಡುಕಬೇಕಾಯಿತು, ಅದಕ್ಕೆ ಅರ್ಧ ಕಟ್.

ಸ್ಕ್ಯಾನರ್‌ನಲ್ಲಿ ಮೊದಲು ಇಸಿಯು 2.2 ಬಾರ್ ಒತ್ತಡ ಕೇಳಿದರೆ 1.7 ಬರುತ್ತಿತ್ತು, ಈಗ ಕೇಳಿದಷ್ಟೂ ಬರುತ್ತಿದೆ. ಅದೇ ಏರನ್ನು ಒಂದು ಗೇರ್ ಮೇಲೆಯೇ ಹತ್ತುತ್ತದೆ.

ಪೆಟ್ರೋಲ್ ಟರ್ಬೋ ಇರುವವರು ಇನ್ನೂ ಬೇಗ ನೋಡಿಸಿ. ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಲೀಕಿದ್ದರೆ ಐಡ್ಲಿಂಗ್‌ನಲ್ಲಿ ಒತ್ತಡ ಕಡಿಮೆ ಇರುವಾಗ ಹೊಗೆಯ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಆ ಗಾಳಿಯ ಆಕ್ಸಿಜನ್ ನೋಡಿ ಪೆಟ್ರೋಲ್ ಕಡಿಮೆ ಆಯಿತು ಅಂತ ಇಸಿಯು ತಪ್ಪು ತಿಳಿದು ಇನ್ನಷ್ಟು ಸುರಿಯುತ್ತದೆ. ಇನ್ನು ಕ್ಯಾಬಿನ್ ಒಳಗೆ ಹೊಗೆ ವಾಸನೆ ಬರುತ್ತಿದ್ದರೆ, ತಲೆನೋವು ಬರುತ್ತಿದ್ದರೆ, ಯಾವ ಗಾಡಿಯಾದರೂ ಓಡಿಸುವುದು ನಿಲ್ಲಿಸಿ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೂಗಿಗೆ ಬರುವುದು ಅದರ ಜೊತೆಗಾರರ ವಾಸನೆ.

ಹಾಂ, ಎರಡನೇ ಸ್ಟಾರ್. ಸೈಲೆನ್ಸರ್ ಹತ್ತಿರದ ಜಾಯಿಂಟಿನಲ್ಲಿ ಸಣ್ಣ ಗುಳ್ಳೆ ಬಂದಿತ್ತು ಅಂದೆನಲ್ಲ, ಟ್ಯೂಬಿನಲ್ಲಿ ಉಳಿದಿದ್ದ ಪೇಸ್ಟನ್ನು ಅಲ್ಲಿಗೆ ಹಚ್ಚಿದೆ. ಅಲ್ಲಿ ಒತ್ತಡ ಕಡಿಮೆ, ಶಾಖವೂ ಕಡಿಮೆ. ಐದು ತಿಂಗಳಾಯಿತು, ಇನ್ನೂ ಕಲ್ಲಿನ ಹಾಗೆ ಕೂತಿದೆ.