ಬಯಾಲಜಿ ಪಿಎಚ್‌ಡಿ: ಲ್ಯಾಬ್ ರೊಟೇಶನ್ನೋ, ನೇರ ಪ್ರವೇಶವೋ?

ಅಮೆರಿಕದಲ್ಲಿ ಸಾಮಾನ್ಯವಾಗಿ ಮೊದಲ ವರ್ಷ 2–3 ಲ್ಯಾಬ್‌ಗಳಲ್ಲಿ ಕೆಲವು ವಾರ ಕೆಲಸ ಮಾಡಿ, ಆಮೇಲೆ ಗೈಡ್ ಆರಿಸಿಕೊಳ್ಳುತ್ತಾರೆ. ಇದೇ ರೊಟೇಶನ್. ಗೈಡ್ ಸಮಯ ಕೊಡುತ್ತಾರಾ, ಪ್ರಯೋಗ ಕೆಟ್ಟಾಗ ಹೇಗೆ ಮಾತಾಡುತ್ತಾರೆ, ಹಿರಿಯ ವಿದ್ಯಾರ್ಥಿಗಳು ನೆಮ್ಮದಿಯಾಗಿದ್ದಾರಾ? ಇದೆಲ್ಲ ಒಳಗಿದ್ದು ನೋಡಿದರೇ ಗೊತ್ತಾಗುವುದು, ಅಲ್ವಾ? ಆದರೆ ಪಿಎಚ್‌ಡಿ ಮುಗಿಯಲು ಸುಮಾರು 5–6 ವರ್ಷ ಬೇಕು.

ಬ್ರಿಟನ್‌ನಲ್ಲಿ ನೇರ ಪ್ರವೇಶ ಜಾಸ್ತಿ. ಗೈಡ್, ವಿಷಯ ಮೊದಲೇ ನಿಗದಿ. ಅವಧಿ 3–4 ವರ್ಷ. ಎಂಎಸ್ಸಿಯಲ್ಲೇ ಲ್ಯಾಬ್ ಕೆಲಸ ಮಾಡಿ, ಯಾವ ಪ್ರಶ್ನೆಯ ಹಿಂದೆ ಹೋಗಬೇಕೆಂದು ತಿಳಿದವರಿಗೆ ಇದು ಒಳ್ಳೆಯದು. ಗೈಡ್ ಜೊತೆ ಹೊಂದಿಕೆಯಾಗದಿದ್ದರೆ ಮಾತ್ರ ಬದಲಾಯಿಸುವುದು ಕಷ್ಟ.

ಡಿಗ್ರಿ ಮುಗಿದ ಕೂಡಲೇ ಹೊರಡುವವರಿಗೆ ನಾನು ರೊಟೇಶನ್ನೇ ಹೇಳುತ್ತೇನೆ. ನೇರ ಪ್ರವೇಶವಾದರೆ, ಒಪ್ಪಿಕೊಳ್ಳುವ ಮೊದಲು ಆ ಲ್ಯಾಬಿನ ಹಳೆಯ ವಿದ್ಯಾರ್ಥಿಗಳ ಜೊತೆ ತಪ್ಪದೆ ಮಾತಾಡಿ.