ಇಂಗ್ಲೆಂಡ್, ಅಮೆರಿಕ, ಶಾರ್ಜಾ: ಟೀಚರ್ ಕೆಲಸಕ್ಕೆ ನಾನು ತಟ್ಟಿದ ಮೂರು ಬಾಗಿಲು

ರಜೆಗೆ ಚಿಂತಾಮಣಿಗೆ ಬಂದು ವಾರವಾಯಿತು. ಅವರೆಕಾಯಿ ಕಾಲ. ಸಂಜೆಯಾದರೆ ಅಮ್ಮ ಜಗಲಿ ಮೇಲೆ ಕಾಯಿ ರಾಶಿ ಹಾಕುತ್ತಾಳೆ, ಸುಲಿಯೋಕೆ ಕೈ ಜೋಡಿಸುವ ನೆಪದಲ್ಲಿ ಹಳೇ ಸ್ಟಾಫ್ ರೂಮಿನವರು ಒಬ್ಬೊಬ್ಬರೇ ಬರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ವೀಸಾ ಅವರೇ ಮಾಡಿಸ್ತಾರಂತಲ್ಲ, ನಮಗೂ ಆಗುತ್ತಾ?"

ಆಗುತ್ತೆ. ಆದರೆ "ಅವರೇ" ಅಂದರೆ ಯಾರು ಅನ್ನೋದು ಮೂರು ದೇಶದಲ್ಲಿ ಮೂರು ಥರ. ಇದು ಗೊತ್ತಾಗೋಕೆ ನನಗೆ ಎರಡು ವರ್ಷ ಹಿಡಿಯಿತು.

ನಾನು ಬಿಎಸ್ಸಿ, ಬಿಎಡ್. ಒಂಬತ್ತು ವರ್ಷ ಇಲ್ಲೇ ಖಾಸಗಿ ಹೈಸ್ಕೂಲಿನಲ್ಲಿ ಫಿಸಿಕ್ಸ್ ಹೇಳಿಕೊಟ್ಟೆ, ಕೊನೆಗೆ ಸಂಬಳ 22 ಸಾವಿರ. 2023ರ ಫೆಬ್ರವರಿಯಲ್ಲಿ ಇಂಗ್ಲೆಂಡಿನವರು ಭಾರತದ ಶಿಕ್ಷಕರಿಗೂ ಕ್ಯೂಟಿಎಸ್ ಬಾಗಿಲು ತೆರೆದರು. ಕ್ಯೂಟಿಎಸ್ ಅಂದರೆ ಅಲ್ಲಿ ಪಾಠ ಮಾಡಲು ಅರ್ಹರು ಎಂಬ ಮಾನ್ಯತೆ. ನಮ್ಮ ದೇಶದವರಲ್ಲಿ ಎಲ್ಲರಿಗೂ ಇಲ್ಲ. 11ರಿಂದ 16 ವಯಸ್ಸಿನ ಮಕ್ಕಳಿಗೆ ಗಣಿತ, ವಿಜ್ಞಾನ, ಭಾಷೆ ಕಲಿಸುವವರಿಗೆ ಮಾತ್ರ. ಪ್ರೈಮರಿ ಟೀಚರುಗಳು, ಸಮಾಜ ವಿಜ್ಞಾನದವರು ಇದಕ್ಕೆ ಸಮಯ ಹಾಕುವುದು ಬೇಡ. ಅರ್ಜಿಗೆ ಶುಲ್ಕವಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇದೇ ಅರ್ಜಿ ತುಂಬಿಕೊಡಲು ಬೆಂಗಳೂರಿನಲ್ಲಿ ಒಬ್ಬರು ನನ್ನ ಹತ್ತಿರ 40 ಸಾವಿರ ಕೇಳಿದ್ದರು.

ಕ್ಯೂಟಿಎಸ್ ಬಂತು. ಕೆಲಸ ಬರಲಿಲ್ಲ. ಅಲ್ಲಿ ಸ್ಪಾನ್ಸರ್, ಅಂದರೆ ನಮ್ಮ ವೀಸಾಕ್ಕೆ ಹೊಣೆ ನಿಲ್ಲುವವರು, ಶಾಲೆಯೇ, ಮತ್ತು ಆ ಶಾಲೆಗೆ ಹೋಮ್ ಆಫೀಸಿನ (ಅಲ್ಲಿನ ಗೃಹ ಇಲಾಖೆ) ಲೈಸೆನ್ಸ್ ಇರಬೇಕು. ಲೈಸೆನ್ಸ್ ಇರುವವರ ಪಟ್ಟಿ ಸರ್ಕಾರದ ವೆಬ್‌ಸೈಟಿನಲ್ಲೇ ಇದೆ. ನಾನು ಮೊದಲ ಇಪ್ಪತ್ತು ಅರ್ಜಿಗಳನ್ನು ಅದನ್ನು ನೋಡದೇ ಹಾಕಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಇನ್ನೊಂದು ತಪ್ಪು, ಜೂನ್‌ನಲ್ಲಿ ಶುರು ಮಾಡಿದ್ದು. ಅಲ್ಲಿನ ಟೀಚರುಗಳು ಬೇಸಿಗೆ ಟರ್ಮ್ ಮುಗಿಸಿ ಬಿಡಬೇಕಾದರೆ ಮೇ 31ರೊಳಗೆ ರಾಜೀನಾಮೆ ಕೊಡಬೇಕು. ಹಾಗಾಗಿ ಸೆಪ್ಟೆಂಬರಿನ ಜಾಗಗಳಿಗೆ ಹುಡುಕಾಟ ಫೆಬ್ರವರಿಯಿಂದ ಮೇವರೆಗೇ ಜೋರು. ಮರುವರ್ಷ ಸರಿಯಾದ ಕಾಲಕ್ಕೆ ಹಾಕಿದಾಗ ಎರಡು ಇಂಟರ್‌ವ್ಯೂ ಸಿಕ್ಕವು. ಎರಡರಲ್ಲೂ ಮೊದಲು ಕೇಳಿದ್ದು ಫಿಸಿಕ್ಸ್ ಅಲ್ಲ, ಸೇಫ್‌ಗಾರ್ಡಿಂಗ್: ಒಂದು ಮಗು ಮನೆಯಲ್ಲಿ ಹೊಡೀತಾರೆ ಅಂತ ನಿಮ್ಮ ಹತ್ತಿರ ಹೇಳಿಕೊಂಡರೆ ಏನು ಮಾಡುತ್ತೀರಿ? ನಾನು "ತಂದೆತಾಯಿಯನ್ನು ಕರೆಸಿ ಮಾತಾಡುತ್ತೇನೆ" ಅಂದೆ. ನಮ್ಮಲ್ಲಿ ಅದೇ ತಾನೇ ಮಾಡುವುದು. ಅಲ್ಲಿ ಅದು ತಪ್ಪು ಉತ್ತರ; ಮಗು ಹೇಳಿದ್ದನ್ನು ಬರೆದಿಟ್ಟು, ಶಾಲೆಯಲ್ಲಿ ಅದಕ್ಕೆಂದೇ ನೇಮಿಸಿದವರಿಗೆ ಆ ದಿನವೇ ತಿಳಿಸಬೇಕು. ಈಗ ಯೋಚಿಸಿದರೆ ಅವರ ಕ್ರಮವೇ ಸರಿ ಅನ್ನಿಸುತ್ತದೆ. ಹೊಡೆಯುವವರನ್ನೇ ಕರೆಸಿ ಕೇಳಿದರೆ ಆ ಮಗುವಿನ ಗತಿ ಏನು?

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಲಂಡನ್ ಬಿಟ್ಟು ಉಳಿದ ಕಡೆ ಆರಂಭದ ಸಂಬಳ 2025-26ರಲ್ಲಿ ವರ್ಷಕ್ಕೆ 32,916 ಪೌಂಡ್. ಹೊರದೇಶದವರನ್ನು ಕೆಲಸಕ್ಕೆ ಕರೆಸುವುದಕ್ಕೆ ಸರ್ಕಾರ ಹಾಕುವ ಇಮಿಗ್ರೇಷನ್ ಸ್ಕಿಲ್ಸ್ ಚಾರ್ಜ್ ಅನ್ನು ಶಾಲೆಯೇ ಕಟ್ಟಬೇಕು, ನಮ್ಮಿಂದ ವಸೂಲಿ ಮಾಡುವಂತಿಲ್ಲ. ಆದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಹೆಲ್ತ್ ಸರ್‌ಚಾರ್ಜ್ ನಮ್ಮ ಮೇಲೆ: ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ನಾನು, ಯಜಮಾನರು, ಮಗಳು, ಮೂರು ವರ್ಷಕ್ಕೆ 8,538 ಪೌಂಡ್, ವಿಮಾನ ಹತ್ತುವ ಮೊದಲೇ. ವೀಸಾ ಶುಲ್ಕ ಬೇರೆ. ಶಾಲೆ ಸ್ಪಾನ್ಸರ್ ಮಾಡುತ್ತದೆ ಅಂದ ಮಾತ್ರಕ್ಕೆ ಇದನ್ನೆಲ್ಲ ಅದೇ ಕೊಡುತ್ತದೆ ಅಂತಲ್ಲ.

ಅಮೆರಿಕದ್ದು ಬೇಗ ಮುಗಿಸುತ್ತೇನೆ, ಯಾಕೆಂದರೆ ನನ್ನ ಪ್ರಯತ್ನವೂ ಬೇಗ ಮುಗಿಯಿತು. ಶಿಕ್ಷಕರು ಹೋಗುವುದು ಹೆಚ್ಚಾಗಿ ಜೆ-1 ವಿನಿಮಯ ವೀಸಾದಲ್ಲಿ. ಎರಡು ವರ್ಷದ ಪೂರ್ಣಾವಧಿ ಅನುಭವ ಬೇಕು. ಮೂರು ವರ್ಷದ ಅವಧಿ, ಒಂದೆರಡು ವರ್ಷ ವಿಸ್ತರಣೆ ಸಾಧ್ಯ. ಇಲ್ಲಿ ಸ್ಪಾನ್ಸರ್ ಶಾಲೆಯಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ಮಾನ್ಯ ಮಾಡಿದ ಸಂಸ್ಥೆ, ಬಹಳ ಕಡೆ ಅದಕ್ಕೆ ಶುಲ್ಕ ಕಟ್ಟುವವರು ನಾವು. ನನ್ನ ಮಧ್ಯವರ್ತಿ "ಆಮೇಲೆ ಗ್ರೀನ್ ಕಾರ್ಡ್ ಆಗುತ್ತೆ ಮೇಡಂ" ಅಂದು ರಿಜಿಸ್ಟ್ರೇಷನ್ ಅಂತ 15 ಸಾವಿರ ಇಸಿದುಕೊಂಡರು. ಜೆ-1 ಇರುವುದೇ ಕಲಿಸಿ ವಾಪಸ್ಸು ಬರುವುದಕ್ಕೆ. ಆ ದುಡ್ಡು ತಿರುಗಿ ಬರಲಿಲ್ಲ. ಇನ್ನು ಎಚ್-1ಬಿ ಎಂಬ ಕೆಲಸದ ವೀಸಾ: 2025ರ ಸೆಪ್ಟೆಂಬರಿನಲ್ಲಿ ಹೊರದೇಶದಿಂದ ಬರುವವರ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕ ಹೇರಿದ ಮೇಲೆ ಒಂದು ಶಾಲೆ ನಮ್ಮಂಥವರಿಗಾಗಿ ಅಷ್ಟು ಕಟ್ಟೀತು ಅಂತ ನಾನು ನಂಬುವುದಿಲ್ಲ.

ಅಮೆರಿಕದ ಮಾತು ಬಂದಾಗಲೆಲ್ಲ ಅಪ್ಪ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರನ್ನು ನೆನೆಯುತ್ತಿದ್ದರು. ಓಹಿಯೋದಲ್ಲಿ ಫಿಸಿಕ್ಸ್ ಪಿಎಚ್‌ಡಿ ಮುಗಿಸಿ ನ್ಯಾಷನಲ್ ಕಾಲೇಜಿಗೇ ವಾಪಸ್ಸು ಬಂದವರು. ಅಪ್ಪ ಅದನ್ನು ನನ್ನನ್ನು ತಡೆಯೋಕೆ ಹೇಳುತ್ತಿದ್ದರೋ ಧೈರ್ಯ ತುಂಬೋಕೋ, ಕೇಳುವ ಮನಸ್ಸಾಗಲಿಲ್ಲ.

ಶಾರ್ಜಾದ ಕೆಲಸ ಒಂದೂವರೆ ತಿಂಗಳಲ್ಲಿ ಖಾತ್ರಿಯಾಯಿತು. ಸಿಬಿಎಸ್‌ಇ ಶಾಲೆ, ಏಪ್ರಿಲ್‌ನಿಂದ ವರ್ಷ ಶುರು, ನಮ್ಮ ಅನುಭವವನ್ನು ಅವರು ಅನುಭವ ಅಂತಲೇ ಎಣಿಸುತ್ತಾರೆ. ಅಲ್ಲಿ ಸ್ಪಾನ್ಸರ್ ಶಾಲೆ, ಖರ್ಚೂ ಶಾಲೆಯದೇ. ನೇಮಕಾತಿ ವೆಚ್ಚವನ್ನು ನೌಕರರಿಂದ ಪಡೆಯಬಾರದು ಅಂತ ಯುಎಇ ಕಾರ್ಮಿಕ ಕಾನೂನೇ ಹೇಳುತ್ತದೆ. ವರ್ಕ್ ಪರ್ಮಿಟ್, ಅಲ್ಲಿ ಹೋದ ಮೇಲಿನ ಮೆಡಿಕಲ್, ಎಮಿರೇಟ್ಸ್ ಐಡಿ, ಯಾವುದಕ್ಕೂ ನನ್ನ ಕೈಯಿಂದ ಹೋಗಲಿಲ್ಲ.

ನನಗೆ ಕಷ್ಟ ಕೊಟ್ಟಿದ್ದು ಸರ್ಟಿಫಿಕೇಟು. ಒಂದು ದೇಶದ ಕಾಗದಪತ್ರವನ್ನು ಅಪೊಸ್ಟಿಲ್ ಎಂಬ ಒಂದೇ ಮುದ್ರೆಯ ಮೇಲೆ ಇನ್ನೊಂದು ದೇಶ ಒಪ್ಪುವ ಒಪ್ಪಂದವೊಂದಿದೆ, ಯುಎಇ ಅದರಲ್ಲಿ ಇಲ್ಲ. ಒಮಾನ್ ಇದೆ, ಅಲ್ಲಿಗೆ ಹೋಗುವವರಿಗೆ ನಮ್ಮ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಸಾಕು. ನನಗೆ ರಾಜ್ಯದ ಮುದ್ರೆ, ಸಚಿವಾಲಯದ ಮುದ್ರೆ, ಯುಎಇ ರಾಯಭಾರ ಕಚೇರಿಯ ಮುದ್ರೆ, ಕೊನೆಗೆ ಅವರ ವಿದೇಶಾಂಗ ಸಚಿವಾಲಯದ್ದು. ಇದರ ಮಧ್ಯೆ ಇನಿಷಿಯಲ್ ತಕರಾರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಒಂದಕ್ಷರ, ಬಿಎಡ್ ಸರ್ಟಿಫಿಕೇಟಿನಲ್ಲಿ ಅದೇ ಅಕ್ಷರ ಹೆಸರಿನ ಮುಂದೆ, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಮೂರೂ ನಾನೇ ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಬೇಕಾಯಿತು. ನಮ್ಮ ಕಡೆ ಮುಕ್ಕಾಲು ಜನರ ಕಾಗದ ಹೀಗೇ ಇದೆ. ಕೆಲಸ ಹುಡುಕುವ ಮೊದಲು ಇದನ್ನು ಸರಿಮಾಡಿಕೊಳ್ಳಿ.

ಶಾರ್ಜಾದಲ್ಲಿ ಕಣ್ಣಿಟ್ಟು ಓದಬೇಕಾದ್ದು ಆಫರ್ ಲೆಟರಿನಲ್ಲಿ ಬೇಸಿಕ್ ಎಷ್ಟು ಅನ್ನೋದು. ನನ್ನದು ಒಟ್ಟು 5,000 ದಿರ್ಹಂ, ಬೇಸಿಕ್ ಅದರ ಅರ್ಧ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷದವರೆಗೆ ವರ್ಷಕ್ಕೆ 21 ದಿನದ ಬೇಸಿಕ್ ಲೆಕ್ಕ, ಒಟ್ಟು ಸಂಬಳದ್ದಲ್ಲ. ಸಹಿ ಹಾಕುವಾಗ ನಾನು ಕೇಳಲಿಲ್ಲ, ಕೇಳಬೇಕಿತ್ತು. ಏಜೆಂಟ್ ಮೂಲಕ ಹೋಗುವುದಾದರೆ ನಮ್ಮ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವರ ನೋಂದಣಿ ನೋಡಿ. ಅವರು ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30 ಸಾವಿರ ಮತ್ತು ಜಿಎಸ್‌ಟಿ.

ಯಾವುದು ಮೇಲು ಅಂತ ನನ್ನನ್ನು ಕೇಳಿದರೆ, ಸಾಲ ತೀರಿಸಬೇಕಾದವರಿಗೆ ಶಾರ್ಜಾ. ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಿ ನೆಲೆಸುವ ಆಸೆ ಇದ್ದು, ಕೈಯಲ್ಲಿ ಹತ್ತು ಲಕ್ಷವಾದರೂ ಇರುವ ಗಣಿತ, ವಿಜ್ಞಾನದವರಿಗೆ ಇಂಗ್ಲೆಂಡ್. ಶಾರ್ಜಾದಲ್ಲಿ ನಾನು ಇನ್ನೊಬ್ಬರು ಟೀಚರ ಜೊತೆ ಒಂದು ರೂಮು ಹಂಚಿಕೊಂಡಿದ್ದೇನೆ, ಮಗಳು ಇಲ್ಲಿ ಅಜ್ಜಿ ಹತ್ತಿರ ಬೆಳೆಯುತ್ತಿದ್ದಾಳೆ. ನಿನ್ನೆ ಅವರೆಕಾಯಿ ಸುಲಿಯುತ್ತಾ, "ಫೋನಲ್ಲಿ ನೀನು ಸಣ್ಣಗೆ ಕಾಣ್ತೀಯಮ್ಮಾ" ಅಂದಳು. ನನ್ನ ಕ್ಯೂಟಿಎಸ್‌ಗೆ ಅವಧಿ ಮುಗಿಯುವುದಿಲ್ಲ. ಫೆಬ್ರವರಿ ಒಂದನೇ ತಾರೀಕಿನಿಂದ ಮತ್ತೆ ಅರ್ಜಿ ಹಾಕುತ್ತೇನೆ, ಈ ಸಲ ಲೈಸೆನ್ಸ್ ಪಟ್ಟಿ ಪಕ್ಕದಲ್ಲಿಟ್ಟುಕೊಂಡು.