ಸಮುದ್ರ ಅಕ್ವೇರಿಯಂಗೆ ಹಿತ್ತಾಳೆಯ ವಾಲ್ವ್ ಹಾಕಿಸಬೇಡಿ

ಕಳೆದ ಮಳೆಗಾಲದ ಒಂದು ರಾತ್ರಿ ಕರೆಂಟು ಹೋಯಿತು. ಬೆಂಗಳೂರಿನಲ್ಲಿ ನಾಲ್ಕು ಹನಿ ಬಿದ್ದರೆ ಕರೆಂಟು ಹೋಗುವುದು ಹೊಸತೇನಲ್ಲ. ಮಗ್ಗುಲು ಬದಲಿಸಿ ಮಲಗಿದೆ. ಬೆಳಿಗ್ಗೆ ನಡುಮನೆಗೆ ಕಾಲಿಟ್ಟರೆ ಪಾದವೆಲ್ಲ ಒದ್ದೆ, ಅಂಟು ಅಂಟು. ಮಳೆಯ ನೀರಲ್ಲ, ಉಪ್ಪುನೀರು.

ನನ್ನದು ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲದ ಗಾಜಿನ ತೊಟ್ಟಿ. ಅದರ ಕೆಳಗೆ, ಸ್ಟ್ಯಾಂಡಿನೊಳಗೆ ಸಂಪ್. (ಅಂಗಳದ ಸಂಪ್ ಅಲ್ಲ, ಇದೂ ಗಾಜಿನ ಪೆಟ್ಟಿಗೆಯೇ.) ಮೇಲಿನ ನೀರು ಸಂಪಿಗೆ ಇಳಿದು, ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಪಂಪು ನಿಂತರೆ ಅದು ಹತ್ತಿದ ಪೈಪೇ ಸೈಫನ್ ಆಗಿ ನೀರನ್ನು ಕೆಳಕ್ಕೆಳೆಯುತ್ತದೆ; ಪೈಪಿನ ಬಾಯಿಗೆ ಗಾಳಿ ಸಿಗುವ ತನಕ ಬಿಡುವುದಿಲ್ಲ. ನನ್ನ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿತ್ತು. ಅಷ್ಟು ನೀರೆಂದರೆ ಸುಮಾರು 54 ಲೀಟರ್. ಸಂಪಿನಲ್ಲಿ ಖಾಲಿಯಿದ್ದ ಜಾಗ 30 ಲೀಟರ್. ಈ ಲೆಕ್ಕವನ್ನು ನಾನು ಹಾಕಿದ್ದು ನೆಲ ಒರೆಸಿದ ಮೇಲೆ.

ಮೊದಲೇ ಏಕೆ ಹಾಕಲಿಲ್ಲವೆಂದರೆ, ಪೈಪಿಗೆ ಹಿತ್ತಾಳೆಯ ಎನ್‌ಆರ್‌ವಿ ಇತ್ತು. ನೀರು ಹಿಂದಕ್ಕೆ ಬರಲು ಬಿಡದ ವಾಲ್ವ್ ಇರುವಾಗ ಭಯವೇನು ಎಂದುಕೊಂಡಿದ್ದೆ. ಬಿಚ್ಚಿ ನೋಡಿದರೆ ಅದರ ಮುಚ್ಚಳದ ಅಂಚಿನಲ್ಲಿ ಸುಣ್ಣ ಗಟ್ಟಿಯಾಗಿ ಕೂತು, ಒಂದು ಪುಟ್ಟ ಬಸವನಹುಳುವಿನ ಚಿಪ್ಪೂ ಸಿಕ್ಕಿಕೊಂಡಿತ್ತು. ಮುಚ್ಚಳ ಕೂರುವುದಾದರೂ ಹೇಗೆ? ಸಮುದ್ರದ ನೀರಿನಲ್ಲಿ ಎನ್‌ಆರ್‌ವಿ ಎಂದಾದರೊಂದು ದಿನ ಕೈಕೊಟ್ಟೇ ಕೊಡುತ್ತದೆ.

ಅದಕ್ಕಿಂತ ಕೆಟ್ಟದ್ದು ಆ ವಾಲ್ವಿನ ಬಣ್ಣ. ಒಳಗೆಲ್ಲ ಹಸಿರು ಕಿಲುಬು. ಆಗ ಎದೆ ಧಸಕ್ಕೆಂದಿತು. ಅದಕ್ಕೆ ಎರಡು ತಿಂಗಳ ಹಿಂದಿನಿಂದ ನನ್ನ ತೊಟ್ಟಿಯಲ್ಲಿ ಸಿಗಡಿಗಳು ಒಂದೊಂದಾಗಿ ಸತ್ತಿದ್ದವು, ಬಸವನಹುಳುಗಳು ಗಾಜಿನಿಂದ ಕಳಚಿ ಬಿದ್ದಿದ್ದವು, ಹವಳಗಳು ಮುದುಡಿದ್ದವು. ಕ್ಲೌನ್ ಮೀನುಗಳು ಮಾತ್ರ ಆರಾಮವಾಗಿ ಓಡಾಡುತ್ತಿದ್ದುದರಿಂದ ನೀರಿನ ಮೇಲೆ ಅನುಮಾನವೇ ಬರಲಿಲ್ಲ. ಅಂಗಡಿಯವನು ರೋಗದ ಸಿಗಡಿ ಕೊಟ್ಟನೆಂದು ಬೈದುಕೊಂಡು ಮತ್ತೆರಡು ತಂದು ಬಿಟ್ಟೆ. ಅವೂ ಹೋದವು.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಉಪ್ಪುನೀರು ಅದನ್ನು ತಿನ್ನುತ್ತದೆ, ತಾಮ್ರ ನೀರಿಗಿಳಿಯುತ್ತದೆ. ಮೀನು ತಡೆದುಕೊಳ್ಳುವಷ್ಟು ತಾಮ್ರ ಸಿಗಡಿಗೆ, ಹವಳಕ್ಕೆ ವಿಷ. ಮೀನಿನ ಪರೋಪಜೀವಿಗಳನ್ನು ಕೊಲ್ಲಲು ತಾಮ್ರವನ್ನೇ ಔಷಧಿಯಾಗಿ ಬಳಸುವುದುಂಟು, ಅದೂ ಬೇರೆ ತೊಟ್ಟಿಯಲ್ಲಿ. ತಾಮ್ರದ ಪರೀಕ್ಷೆಯ ಕಿಟ್ ತಂದು ನೋಡಿದೆ. ನೀರು ನೀಲಿಗೆ ತಿರುಗಿತು.

ಈಗ ಪೈಪು, ಯೂನಿಯನ್, ಬಾಲ್ ವಾಲ್ವ್ ಎಲ್ಲವೂ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನವು. ಪೈಪಿನ ಬಾಯನ್ನು ನೀರಿನ ಮಟ್ಟಕ್ಕಿಂತ ಎರಡೇ ಸೆಂಟಿಮೀಟರ್ ಕೆಳಗಿಟ್ಟು, ಮಟ್ಟದ ಸ್ವಲ್ಪ ಕೆಳಗೆ ಪೈಪಿಗೊಂದು ತೂತು ಕೊರೆದಿದ್ದೇನೆ. ನೀರು ಅಲ್ಲಿಗೆ ಇಳಿದೊಡನೆ ಗಾಳಿ ನುಗ್ಗಿ ಸೈಫನ್ ಮುರಿಯುತ್ತದೆ. ಆ ತೂತಿಗೂ ಪಾಚಿ ಕಟ್ಟುತ್ತದೆ, ವಾರಕ್ಕೊಮ್ಮೆ ಕಡ್ಡಿ ಆಡಿಸುತ್ತೇನೆ. ನಿಮ್ಮ ಮನೆಯಲ್ಲೂ ಇಂದೇ, ಎದುರಿಗೆ ನಿಂತು, ಪಂಪು ಆರಿಸಿ ನೋಡಿ: ಸಂಪು ಎಲ್ಲಿಯವರೆಗೆ ತುಂಬುತ್ತದೆ? ಹಾಗೆಯೇ ಎಕ್ಸ್‌ಟೆನ್ಷನ್ ಬೋರ್ಡನ್ನು ನೆಲದಿಂದ ಎತ್ತಿ ಗೋಡೆಗೆ ಹಾಕಿ. ನನ್ನದು ಆ ರಾತ್ರಿ ಉಪ್ಪುನೀರಿನಲ್ಲೇ ಕೂತಿತ್ತು. ಕರೆಂಟು ಮರಳಿದಾಗ, ವಿದ್ಯುತ್ ಸೋರಿದರೆ ಸಂಪರ್ಕ ಕಡಿದುಬಿಡುವ ಇಎಲ್‌ಸಿಬಿ ಟ್ರಿಪ್ ಆದದ್ದರಿಂದ ಬದುಕಿದೆ.

ಕಲ್ಲು, ಮರಳಿನೊಳಗೆ ತಾಮ್ರ ಕೂತುಬಿಟ್ಟಿರುತ್ತದೆ, ನಿಧಾನವಾಗಿ ಬಿಡುತ್ತಲೇ ಇರುತ್ತದೆ. ಮರಳನ್ನೆಲ್ಲ ಎಸೆದೆ. ಸಿಗಡಿ ತರುವ ಧೈರ್ಯ ಇನ್ನೂ ಬಂದಿಲ್ಲ.

ಪ್ಲಂಬರ್‌ಗೆ ಆ ವಾಲ್ವ್ ತೋರಿಸಿದೆ. ಪ್ಲಾಸ್ಟಿಕ್ ಬಾಳಿಕೆ ಬರುವುದಿಲ್ಲ, ಹಿತ್ತಾಳೆಯದ್ದೇ ಹಾಕಿಸಿ ಎಂದು ಪ್ರೀತಿಯಿಂದಲೇ ಹೇಳಿದ್ದವರು ಅವರು. ತಿರುಗಿಸಿ ತಿರುಗಿಸಿ ನೋಡಿ ಹೇಳಿದರು: "ನೀರಿಗೆ ಉಪ್ಪು ಹಾಕುತ್ತೀರೆಂದು ನೀವು ಹೇಳಲೇ ಇಲ್ಲವಲ್ಲ ಸಾರ್."